ಬಾಯಾರಬೇಕಾಗಿದ್ದ ಮರ

ಪುಷ್ಯ ಮಾಸದಲ್ಲಿ ಒದ್ದೆ ಮಣ್ಣಿನ ವಾಸನೆ ಮೂಗಿಗೆ ಬಂದರೆ ನನಗೆ ಒಂದು ಕಡೆ ನಿಲ್ಲಲಾಗುವುದಿಲ್ಲ. ಮೊದಲ ಮಳೆಗೆ ನೆಲದಿಂದ ಏಳುವ ಪರಿಮಳವನ್ನು ಜನ ಹಿಗ್ಗಿನಿಂದ ವರ್ಣಿಸುತ್ತಾರೆ. ಶಾಲೆಯಲ್ಲಿದ್ದಷ್ಟು ಕಾಲ ನಾನೂ ಮಕ್ಕಳಿಂದ ಆ ವಿಷಯದ ಮೇಲೆ ಪ್ರಬಂಧ ಬರೆಸಿದ್ದೇನೆ, ಕೆಂಪು ಶಾಯಿಯಲ್ಲಿ ತಿದ್ದಿದ್ದೇನೆ. ಆದರೆ ಮಳೆಯ ಸುಳಿವೇ ಇಲ್ಲದ ಚಳಿಗಾಲದ ಮಧ್ಯಾಹ್ನದಲ್ಲಿ, ಬಿರಿದ ನೆಲಕ್ಕೆ ಯಾರೋ ನೀರು ಸುರಿದಾಗ ಹುಟ್ಟುವ ವಾಸನೆ ಬೇರೆ. ಅದರಲ್ಲಿ ಸ್ವಲ್ಪ ಸೀಗೆಪುಡಿ, ಸ್ವಲ್ಪ ಬೂದಿ, ಬಚ್ಚಲಿನ ಕಲ್ಲಿನ ಪಾಚಿ ಸೇರಿದಂತೆ ನನಗೆ ತೋರುತ್ತದೆ. ಬೇರೆಯವರಿಗೆ ತೋರುವುದಿಲ್ಲ, ಬಲ್ಲೆ. ಈ ವರ್ಷ ಸಂಕ್ರಾಂತಿ ಕಳೆದ ಮೇಲೆ ಆನೇಕಲ್ಲಿನ ಬಂಧುಗಳ ಮನೆಯಲ್ಲಿ ಎರಡು ದಿನ ಇದ್ದು, ಸಿಂಗಸಂದ್ರದ ನನ್ನ ಮನೆಗೆ ಹಿಂತಿರುಗಿ ಗೇಟಿನ ಚಿಲಕ ತೆಗೆಯುತ್ತಿದ್ದಂತೆ ಅದೇ ವಾಸನೆ ಬಂತು. ಚೀಲವನ್ನು ಮೆಟ್ಟಿಲ ಮೇಲೆ ಬಿಟ್ಟು ಹಿಂದಕ್ಕೆ ಓಡಿದೆ. ಮನೆಯ ಹಿಂದೆ ಹತ್ತಡಿ ಅಗಲದ ಜಾಗದಲ್ಲಿ ನಾನು ಒಂಬತ್ತು ವರ್ಷಗಳಿಂದ ಸಾಕುತ್ತಿರುವ ಅಂಕೋಲೆ ಮರದ ಪಾತಿ ತುಂಬ ನೀರು ನಿಂತಿತ್ತು.

ಕಾಂಪೌಂಡಿನ ಆಚೆಯಿಂದ ಗಿರಿಜಾ ತಲೆ ಎತ್ತಿ ನಕ್ಕಳು. ಗದಗಿನ ಕಡೆಯವಳು, ಗಂಡ ಹೆಂಡತಿ ಇಬ್ಬರೂ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸಕ್ಕಿದ್ದಾರೆ. ಒಳ್ಳೆಯ ಹುಡುಗಿ. "ಎಲಿ ಎಲ್ಲಾ ಉದುರಾಕ ಹತ್ತಿದ್ವು ನೋಡ್ರಿ ಮೇಡಂ. ಪಾಪ ಅನಿಸ್ತು. ನಿನ್ನಿ ನಾಕು ಬಕೀಟು, ಇವತ್ತು ನಾಕು ಬಕೀಟು ಹಾಕೀನಿ" ಎಂದಳು.

"ಯಾರು ಹೇಳಿದ್ರು ನಿಮಗೆ ನೀರು ಹಾಕಕ್ಕೆ?" ಎಂದೆ. ಅದು ನಾಲ್ಕು ವರ್ಷಗಳ ಹಿಂದೆ ಶಾಲೆಯಲ್ಲೇ ಬಿಟ್ಟುಬಂದೆನೆಂದು ನಾನು ನಂಬಿದ್ದ ಧ್ವನಿ.

ಅವಳ ಮುಖ ಸಣ್ಣದಾಯಿತು. ಸಂಜೆ ತಾನೇ ಸಮಾಧಾನಕ್ಕೆ ಬಂದು, ಮೊಬೈಲಿನಲ್ಲಿ ಎಲೆಯ ಚಿತ್ರ ತೆಗೆದು ಹುಡುಕಿದ್ದನ್ನು ತೋರಿಸಿದಳು: "ಇದು ಡಾಗ್‌ವುಡ್ ಅಂತಾರಲ್ರೀ, ಆ ಕುಟುಂಬದ್ದಂತ. ಫಾರಿನ್ನಿನಾಗ ಮನಿ ಮುಂದ ಹಚ್ಚತಾರಂತ. ನಿಮ್ಮ ಗಿಡಕ್ಕ ಅಲ್ಲೆಲ್ಲಾ ಬೀಗರದಾರ ನೋಡ್ರಿ ಮೇಡಂ!" ನಾನು ನಕ್ಕೆ, ಕ್ಷಮೆ ಕೇಳಿದೆ. ಆ ಮರಕ್ಕೆ ಈ ಎರಡು ತಿಂಗಳು ಏಕೆ ನೀರು ಕೊಡಬಾರದೆಂದೂ ವಿವರಿಸಿದೆ. ಆದರೆ ಅಷ್ಟಕ್ಕೇ ಹಾಗೆ ಸಿಡುಕಿದ್ದೇಕೆಂದು ಹೇಳಲಿಲ್ಲ. ಅದನ್ನು ಇಲ್ಲಿ, ಕ್ರಮ ತಪ್ಪದಂತೆ, ಹೇಳಬೇಕೆಂದು ಕುಳಿತಿದ್ದೇನೆ.

ನಮ್ಮ ಊರು ಹೂಡಿ. ಈಗ ಗಾಜಿನ ಕಟ್ಟಡಗಳ ನೆರಳು ಬೀಳುವ ಆ ಬೀದಿಯಲ್ಲಿ ಆಗ ನಮ್ಮ ಮೂರು ಕೋಣೆಯ ಹೆಂಚಿನ ಮನೆಯಿತ್ತು. ಮನೆಗಿಂತ ಹಿತ್ತಿಲು ದೊಡ್ಡದು. ಹಿತ್ತಿಲಿದ್ದ ಮನೆಯಲ್ಲಿ ಬೆಳೆದ ಓದುಗರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ: ಹಿಂಬಾಗಿಲು ತೆರೆದೊಡನೆ ಕಾಲಿಗೆ ತಾಗುವ ತಣ್ಣನೆಯ ಕಲ್ಲು, ಅದರ ಎಡಕ್ಕೆ ಹೊಗೆ ಹಿಡಿದ ಬಚ್ಚಲುಮನೆ, ಬಚ್ಚಲ ನೀರು ಹರಿದು ಸೇರುವ ಬಾಳೆಯ ಗುಂಪು, ಸೌದೆಯ ರಾಶಿ, ಒಗೆಯುವ ಕಲ್ಲು, ಬೇಲಿಯ ಮೇಲೆ ಒಣಗುವ ಬಟ್ಟೆಗಳಿಗೆ ಅಂಟಿಕೊಂಡ ಹೊಂಗೆಹೂವಿನ ಪುಡಿ. ಮಹದೇವಪುರದ ಕಡೆಯಿಂದ ಕಾರ್ಖಾನೆಯ ಸೈರನ್ನು ಕೂಗಿದರೆ ಅಮ್ಮ ಒಲೆಯ ಮೇಲೆ ಮುದ್ದೆಗೆ ಎಸರಿಡುತ್ತಿದ್ದಳು. ಅಪ್ಪ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿದ್ದ, ಚಿಕ್ಕಪ್ಪ ಇನ್ನೊಂದರಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುತ್ತಿದ್ದ. ಮನೆಯ ಹಿರಿಯರನ್ನು ಏಕವಚನದಲ್ಲಿ ಮಾತನಾಡಿಸುವುದು ನಮ್ಮಲ್ಲಿ ರೂಢಿ; ಬರೆಯುವಾಗ ಅದನ್ನು ತಿದ್ದೋಣವೆಂದುಕೊಂಡೆ, ತಿದ್ದಿದರೆ ಅವರು ನಮ್ಮ ಮನೆಯವರಾಗಿ ಉಳಿಯುವುದಿಲ್ಲವೆನಿಸಿ ಬಿಟ್ಟೆ.

ಆ ಹಿತ್ತಿಲಿನ ಒಡತಿ ಮುನಿಯಮ್ಮತ್ತೆ, ಅಪ್ಪನ ಅಕ್ಕ. ಆನೇಕಲ್ಲಿನಿಂದಾಚೆಯ ಒಂದು ಹಳ್ಳಿಗೆ ಅವಳನ್ನು ಕೊಟ್ಟಿದ್ದರು. ಆರು ವರ್ಷಕ್ಕೆ ಗಂಡ ತೀರಿಹೋದ; ಮಕ್ಕಳಿರಲಿಲ್ಲ. ಹೊತ್ತ ಗಂಟಿನೊಂದಿಗೆ ತವರಿಗೆ ಬಂದಾಗ ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು ತಂದದ್ದು ಆ ಊರಿನ ಗುಡ್ಡದ ಅಂಕೋಲೆಯ ಬೀಜಗಳನ್ನು. ಆಗಿನ್ನೂ ಬದುಕಿದ್ದ ತಾತ ಅವಳನ್ನು ಹಿತ್ತಿಲಿನ ಮೂಲೆಗೆ ಕರೆದೊಯ್ದು, ನೆಲಕ್ಕೆ ಒಂದು ಗೂಟ ಹೊಡೆದು, "ಇಷ್ಟು ಜಾಗ ನಿಂದು ಕಣಮ್ಮ, ಏನಾರ ಆಕ್ಕೊ" ಎಂದನಂತೆ. ಕಾಗದವಿಲ್ಲ, ಪತ್ರವಿಲ್ಲ. ಬೀಜವನ್ನು ಸಗಣಿ ನೀರಿನಲ್ಲಿ ನೆನೆಸಿ ಅತ್ತೆ ಆ ಗೂಟದ ಪಕ್ಕದಲ್ಲೇ ಊರಿದಳು. ಗೂಟ ಗೆದ್ದಲು ಹಿಡಿದು ಹೋಯಿತು, ಸಸಿ ಉಳಿಯಿತು. ತಾತ ಹೋದ ಮೇಲೆ ಅವಳಿಗೆ ಆ ಮನೆಯಲ್ಲಿ ಸ್ವಂತದ್ದೊಂದು ಇದೆ ಎನ್ನುವುದಕ್ಕೆ ಸಾಕ್ಷಿಯಾಗಿ ಇದ್ದದ್ದು ಆ ಮರವೊಂದೇ.

ಅದನ್ನು ಅವಳು ಸಾಕಿದ ರೀತಿ ನನಗೆ ಇಂದಿಗೂ ಹಂತಹಂತವಾಗಿ ನೆನಪಿದೆ. ಬುಡದಲ್ಲಿ ಒಡೆಯುವ ಮರಿಚಿಗುರುಗಳನ್ನು ಉಗುರಿನಿಂದಲೇ ಚಿವುಟುತ್ತಿದ್ದಳು, ಕತ್ತಿ ತಾಗಿಸುತ್ತಿರಲಿಲ್ಲ. ಮುಳ್ಳಿನಂತೆ ಚೂಪಾಗುವ ಒಳಗಿನ ಕೊಂಬೆಗಳನ್ನು ಮಾತ್ರ ವರ್ಷಕ್ಕೊಮ್ಮೆ ಕತ್ತರಿಸಿ, ಗಾಯಕ್ಕೆ ಸಗಣಿ ಮೆತ್ತುತ್ತಿದ್ದಳು. ಕಂಬಳಿಹುಳು ಕಂಡರೆ ಒಲೆಯ ಬೂದಿ. ಅವಳ ಕೈಗುಣದ ಮಾತು ಬೀದಿಯಲ್ಲೆಲ್ಲ ಹರಡಿತ್ತು. ಕರಿಬೇವು ಸೊರಗಿದರೆ, ಮಲ್ಲಿಗೆ ಹಂಬು ಮೊಗ್ಗು ಬಿಡದಿದ್ದರೆ ಹೆಂಗಸರು ಹಿಂಬಾಗಿಲಿಗೆ ಬಂದು ಕೂಗುತ್ತಿದ್ದರು. ಅತ್ತೆ ಎಲೆಯನ್ನು ಮೂಸಿ, ಮಣ್ಣನ್ನು ಬೆರಳಲ್ಲಿ ಉಜ್ಜಿ, "ದಿನಾ ಉಣ್ಣಾಕಿಕ್ಕಿದ್ರೆ ಮೊಗ್ಗು ಯಾಕ್ ಬುಡ್ತದವ್ವ? ಒಸಿ ಬಾಯಾರ್ಸು" ಎನ್ನುತ್ತಿದ್ದಳು. ಅವರು ಹಾಗೆಯೇ ಮಾಡುತ್ತಿದ್ದರು. ಮುಂದಿನ ತಿಂಗಳು ಒಂದು ಮೊಳ ಮಲ್ಲಿಗೆ ತಂದು ನನ್ನ ಜಡೆಗೆ ಮುಡಿಸಿಹೋಗುತ್ತಿದ್ದರು. ಅತ್ತೆ ಹೂ ಮುಡಿಯುವಂತಿರಲಿಲ್ಲ.

ನಾನು ಐದನೆಯ ತರಗತಿಯಲ್ಲಿದ್ದ ವರ್ಷ ಚಿಕ್ಕಪ್ಪ ಹಿತ್ತಿಲಿನಲ್ಲಿ ಶೀಟಿನ ಕೋಣೆಗಳ ಸಾಲು ಕಟ್ಟಿಸುವ ಮಾತೆತ್ತಿದ. ಕಾರ್ಖಾನೆಗಳಿಗೆ ಬಂದ ಜನಕ್ಕೆ ಇರಲು ಮನೆ ಬೇಕಾಗಿತ್ತು. ಬೀದಿಯ ಅರ್ಧ ಹಿತ್ತಿಲುಗಳು ಆಗಲೇ ವಠಾರಗಳಾಗಿದ್ದವು. ದಾರವೆಳೆದು ಗುರುತು ಹಾಕಿದಾಗ ಕೊನೆಯ ಕೋಣೆಯ ಪಾಯ ಅಂಕೋಲೆಯ ಬುಡದ ಮೇಲೇ ಬಂತು. ಅಂದು ಹಿತ್ತಿಲ ಕಲ್ಲಿನ ಮೇಲೆ ನಡೆದ ಮಾತು ನನಗೆ ಅಕ್ಷರಶಃ ನೆನಪಿದೆ.

"ಏಳು ವರ್ಸಾತು ಅಕ್ಕಾ. ಒಂದು ಊವು ಕಾಣೆ, ಒಂದು ಅಣ್ಣು ಕಾಣೆ. ಈ ಮುಳ್ಮರಕ್ಕೆ ಎಂಗೆ ಸೇವೆ ಮಾಡ್ತೀಯ, ನೋಡು! ನಂಗಾದ್ರೂ ಒಂದಿನ ಇಂಗೆ ಎಣ್ಣೆ ತಿಕ್ಕಿದ್ಯಾ?" ಎಂದು ಚಿಕ್ಕಪ್ಪ ಕೆಣಕಿದ.

"ನಿಂಗೆ ತಿಕ್ಕಿದ್ರೆ ನೀನೇನು ಊ ಬುಡ್ತೀಯಾ?" ಎಂದಳು ಅತ್ತೆ. ಅಮ್ಮ ಒಳಗೆ ನಕ್ಕದ್ದು ಕೇಳಿಸಿತು. ಆಮೇಲೆ ಅತ್ತೆಯ ಧ್ವನಿ ಬದಲಾಯಿತು. "ಬೀಜದ್ ಮರ ಕಣೋ. ಒತ್ತಾಯ್ತದೆ. ಈ ವರ್ಸ ಬುಡ್ತದೆ. ನಾನ್ ಬುಡಿಸ್ತೀನಿ."

"ಬುಡ್ದಿದ್ರೆ?"

ಜಗಳವೆಂದರೆ ಹೆದರುವ ಅಪ್ಪ ನಡುವೆ ಬಂದು ಒಂದು ತೀರ್ಮಾನ ಹೇಳಿದ: ಶಿವರಾತ್ರಿಯವರೆಗೆ ಕಾಯುವುದು, ಹೂ ಬಿಟ್ಟರೆ ಕೊನೆಯ ಕೋಣೆಯನ್ನು ಕೈಬಿಟ್ಟು ಆ ಮೂಲೆಯನ್ನು ಅಕ್ಕನಿಗೇ ಬಿಡುವುದು, ಇಲ್ಲದಿದ್ದರೆ ತೆಗೆಸುವುದು. ಚಿಕ್ಕಪ್ಪ ಒಪ್ಪಿದ. ಅವನು ಕೆಟ್ಟವನಾಗಿರಲಿಲ್ಲ. ಮಾತು ಕೊಟ್ಟರೆ ಉಳಿಸಿಕೊಳ್ಳುವವನು. ಆ ಕಾರಣಕ್ಕೇ ಅಂದು ನನಗೆ ಭಯವಾಯಿತು.

ಮಾರ್ಗಶಿರ ಮುಗಿಯುತ್ತಿದ್ದಂತೆ ಅತ್ತೆ ಮರಕ್ಕೆ ನೀರು ನಿಲ್ಲಿಸಿದಳು. ಪುಷ್ಯ ಹುಟ್ಟಿದ ಮೇಲೆ ಒಂದು ಬೆಳಿಗ್ಗೆ ಗುದ್ದಲಿ ಹಿಡಿದು ಬುಡದ ಮಣ್ಣನ್ನು ಸುತ್ತಲೂ ಬಿಡಿಸಿದಳು. ನೆಲದೊಳಗೆ ಹೀಗೆ ಏನಿರುತ್ತದೆಂದು ನಾನು ಎಂದೂ ನೋಡಿರಲಿಲ್ಲ: ಕಂದುಬಣ್ಣದ, ನರಗಳಂತೆ ತಿರುಚಿಕೊಂಡ ಬೇರುಗಳು, ಬಿಸಿಲಿಗೆ ತೆರೆದು ಮಲಗಿದ್ದವು. ಬೇರಿಗೆ ಬಿಸಿಲು ತೋರಿಸುವುದೆಂದು ಅದಕ್ಕೆ ಹೆಸರು. ಹದಿನೈದು ದಿನ ಹಾಗೆ ಬಿಟ್ಟು, ಎಲೆಯೆಲ್ಲ ಉದುರಿ ಮರ ಬೋಳಾದ ಮೇಲೆ ತಿಪ್ಪೆಗೊಬ್ಬರ ತುಂಬಿ ಮುಚ್ಚಿ, ಮೊಗ್ಗಿನ ಗುರುತು ಕಂಡ ಮೇಲಷ್ಟೇ ನೀರು ಕೊಡಬೇಕು. ಅಲ್ಲಿಯವರೆಗೆ ಒಂದು ಚೊಂಬೂ ಕೂಡದು. ಇದನ್ನು ಅತ್ತೆ ನನಗೆ ಎರಡು ಬಾರಿ ಹೇಳಿದಳು.

ನನಗೆ ಅದು ಸರಿಯೆನಿಸಲಿಲ್ಲ. ನನ್ನ ವಿಜ್ಞಾನದ ಪುಸ್ತಕದಲ್ಲಿ ಗಿಡದ ಚಿತ್ರವಿತ್ತು, ಬೇರಿನ ತುದಿಯಿಂದ ಎಲೆಯವರೆಗೆ ನೀಲಿ ಬಾಣಗಳಿದ್ದವು; ನೀರಿಲ್ಲದೆ ಸಸ್ಯ ಬಾಡುತ್ತದೆಂದು ಅದರ ಕೆಳಗೆ ಅಚ್ಚಾಗಿತ್ತು. ಪುಸ್ತಕವನ್ನು ತಂದು ಅತ್ತೆಯ ಮುಂದೆ ಹಿಡಿದು ಓದಿ ಹೇಳಿದೆ. ಅವಳು ಕಣ್ಣರಳಿಸಿ ಚಿತ್ರ ನೋಡಿ, "ಚೆನ್ನಾಗ್ ಬರ್ದವ್ನೆ. ಆದ್ರೆ ಇವ್ನು ನಮ್ಮ ಇತ್ಲಿಗೆ ಯಾವಾಗ್ ಬಂದಿದ್ನೇ ಮಗ?" ಎಂದಳು. ಪಕ್ಕದ ಮನೆಯವರೂ ನಕ್ಕರು. ತರಗತಿಯಲ್ಲಿ ಮೊದಲಿಗಳಾಗಿದ್ದ ನನಗೆ, ಅಕ್ಷರ ಬಾರದ ಹೆಂಗಸೊಬ್ಬಳು ಅಚ್ಚಾದ ಮಾತನ್ನು ಹಾಗೆ ತಳ್ಳಿಹಾಕಿದ್ದು ಸಹ್ಯವಾಗಲಿಲ್ಲ. ಆಮೇಲೆ ಮಾಡಿದ್ದನ್ನು ನಾನು ಪ್ರೀತಿಯಿಂದಲೇ ಮಾಡಿದೆನೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಪ್ರೀತಿ ಇತ್ತು, ನಿಜ. ಎಲೆಗಳು ಹಳದಿಯಾಗುವುದನ್ನು ನೋಡಿ ಕಣ್ಣು ತುಂಬುತ್ತಿದ್ದುದೂ ನಿಜ. ಆದರೆ ಅದರೊಳಗೆ ಅತ್ತೆಗೆ ಪಾಠ ಕಲಿಸುವ ಹಟವೂ ಇತ್ತು.

ಬುಡಕ್ಕೆ ನೀರು ಹಾಕಿದರೆ ಸಿಕ್ಕಿಬೀಳುತ್ತೇನೆಂದು ತಿಳಿದಿತ್ತು; ಅತ್ತೆ ದಿನವೂ ಮಣ್ಣು ಮುಟ್ಟಿ ನೋಡುತ್ತಿದ್ದಳು. ಬೇರು ದೂರದವರೆಗೆ ಚಾಚಿಕೊಂಡಿರುತ್ತದೆ, ತುದಿಗಳೇ ನೀರು ಹೀರುತ್ತವೆ ಎಂದು ಪುಸ್ತಕ ಹೇಳಿತ್ತು. ಒಂದು ಭಾನುವಾರ ಮಧ್ಯಾಹ್ನ ಅತ್ತೆ ಕಳೆ ಕೀಳಲು ಹೊಲಕ್ಕೆ ಹೋದಾಗ, ಬಾಳೆಯ ಕಡೆಗೆ ಹರಿಯುತ್ತಿದ್ದ ಬಚ್ಚಲ ನೀರಿಗೆ ಸೌದೆರಾಶಿಯ ಅಡಿಯಿಂದ ಒಂದು ಕವಲು ತೋಡಿದೆ. ಅಂಗೈ ಅಗಲ, ಬೆರಳುದ್ದ ಆಳ. ಅದನ್ನು ಪಾತಿಯಿಂದ ಐದಡಿ ಆಚೆಗೆ ತಿರುಗಿಸಿ, ಮೇಲೆ ಒಡೆದ ಮಂಗಳೂರು ಹೆಂಚಿನ ತುಂಡುಗಳನ್ನು ಮುಚ್ಚಿ, ಅದರ ಮೇಲೆ ಒಣಮಣ್ಣು ಹರಡಿದೆ. ಆ ಕೆಲಸದ ಅಚ್ಚುಕಟ್ಟನ್ನು ನೆನೆದರೆ ಈಗಲೂ ಬೆರಳುಗಳು ಚಡಪಡಿಸುತ್ತವೆ. ಮನೆಯ ಐದು ಜನ ಮಿಂದ ನೀರಿನ ಅರ್ಧ, ದಿನವೂ, ಯಾರ ಕಣ್ಣಿಗೂ ಬೀಳದೆ ಮರದ ಬೇರಿನ ತುದಿಗಳಿಗೆ ಸೇರುತ್ತಿತ್ತು.

ಎಂಟೇ ದಿನದಲ್ಲಿ ಎಲೆ ಉದುರುವುದು ನಿಂತಿತು. ಪುಸ್ತಕ ಗೆದ್ದಿತ್ತು. ನಾನು ಶಾಲೆಗೆ ಹೋಗುವ ಮುನ್ನ ಒಮ್ಮೆ, ಬಂದ ಮೇಲೆ ಒಮ್ಮೆ ಮರವನ್ನು ನೋಡಿ ಒಳಗೊಳಗೇ ಹಿಗ್ಗುತ್ತಿದ್ದೆ. ಮಾಘದ ಮೊದಲ ವಾರದಲ್ಲಿ ತುದಿಗಳಲ್ಲಿ ತಾಮ್ರದ ಬಣ್ಣದ ಚಿಗುರು ಮೂಡಿತು. ಅತ್ತೆಗೆ ಮಾತ್ರ ಊಟ ಸೇರದಾಯಿತು. ಸೌದೆಯ ರಾಶಿಯಿಂದ ಒಗೆಯುವ ಕಲ್ಲಿನವರೆಗೆ, ಅಲ್ಲಿಂದ ಮರದವರೆಗೆ, ಕಾಲು ಸುಟ್ಟವಳಂತೆ ತಿರುಗುತ್ತಿದ್ದಳು. ತೊಗಟೆಯನ್ನು ಉಗುರಿನಿಂದ ಕೆರೆದು ಹಸಿರು ನೋಡುವಳು, ಚಿಗುರನ್ನು ಮೂಸುವಳು, ಮಣ್ಣನ್ನು ಹಿಡಿ ಹಿಡಿದು ಪುಡಿಮಾಡುವಳು. ಪಾತಿಯ ಮಣ್ಣು ಬೂದಿಯಂತೆ ಒಣಗಿತ್ತು. "ಎಲ್ಲಿಂದ ಕುಡಿತಾ ಅದೆ ಇದು?" ಎಂದು ಮರವನ್ನೇ ಕೇಳಿದ್ದನ್ನು ನಾನು ಬಾಗಿಲ ಸಂದಿಯಿಂದ ಕೇಳಿಸಿಕೊಂಡೆ. ಅದೇ ಸಮಯಕ್ಕೆ ಅಮ್ಮ, "ಬಾಳೆ ಯಾಕೋ ಸೊರಗ್ತಾ ಅದೆ" ಎಂದಳು. ಆ ಎರಡು ಮಾತುಗಳನ್ನು ಕೂಡಿಸಿ ನೋಡಲು ಯಾರಿಗೂ ಹೊಳೆಯಲಿಲ್ಲ.

ಶಿವರಾತ್ರಿ ಬಂತು. ಮರ ಮೈತುಂಬ ಎಲೆ ಹೊತ್ತು ನಿಂತಿತ್ತು, ಒಂದು ಮೊಗ್ಗಿರಲಿಲ್ಲ. ಇನ್ನೆರಡು ದಿನದಲ್ಲಿ ಬಿಡಬಹುದೆಂದು ನಾನು ಕಾದೆ. ಮೂರನೆಯ ಬೆಳಿಗ್ಗೆ ಚಿಕ್ಕಪ್ಪ ಮರದ ಕೆಳಗೆ ಬಹಳ ಹೊತ್ತು ತಲೆಯೆತ್ತಿ ನಿಂತಿದ್ದ. ಅವನೂ ಹುಡುಕುತ್ತಿದ್ದನೆಂದು ಈಗ ಅನಿಸುತ್ತದೆ. "ಏನಕ್ಕಾ?" ಎಂದಷ್ಟೇ ಕೇಳಿದ.

"ಕಡ್ಸು" ಎಂದಳು ಅತ್ತೆ.

ಅಂಕೋಲೆ ಗಟ್ಟಿ ಜಾತಿ. ಕೊಡಲಿ ಮಧ್ಯಾಹ್ನದವರೆಗೂ ಆಡಿತು. ಆಮೇಲೆ ಆಳುಗಳು ಪಾಯಕ್ಕೆ ಅಗೆಯತೊಡಗಿದರು. ಮೊಣಕಾಲಾಳ ಅಗೆಯುವಷ್ಟರಲ್ಲಿ ಒಂದು ಬದಿಯ ಮಣ್ಣು ಕೆಸರಾಗಿ ಕುಸಿಯಿತು. ಹಿಂದಿನ ವರ್ಷ ಮಳೆ ಕಡಿಮೆ. ನಾಲ್ಕು ತಿಂಗಳಿಂದ ಹನಿಯಿಲ್ಲ. "ಇಲ್ಲಿ ಎಲ್ಲಿಂದ ಬಂತ್ರಣ್ಣೋ ನೀರು!" ಎಂದು ಆಳು ಕೂಗಿದ. ಚಿಕ್ಕಪ್ಪ ಬಂದು ಕೆಸರಿನ ಜಾಡು ಹಿಡಿದು, ಕಾಲಿನಿಂದ ಒಣಮಣ್ಣು ಸರಿಸಿ, ಒಂದು ಹೆಂಚು ಎತ್ತಿದ. ಮತ್ತೊಂದು ಎತ್ತಿದ. ಬೆಳಗಿನ ಸ್ನಾನದ ನೀರು ಕಾಲುವೆಯಲ್ಲಿ ಇನ್ನೂ ಹೊಳೆಯುತ್ತಿತ್ತು. ಸೀಗೆಯ ನೊರೆ ಅಂಚಿಗೆ ಅಂಟಿತ್ತು. ಆಗ ಆ ವಾಸನೆ ಎದ್ದಿತು.

ಅಪ್ಪ, ಅಮ್ಮ, ಚಿಕ್ಕಪ್ಪ, ಇಬ್ಬರು ಆಳುಗಳು, ಬೇಲಿಯಾಚೆ ನೆರೆಯ ಹೆಂಗಸರು, ಎಲ್ಲರೂ ನೋಡುತ್ತಿದ್ದರು. ಅತ್ತೆ ಕಾಲುವೆಯನ್ನು ನೋಡಿದಳು. ಒಂದರ ಅಂಚಿಗೆ ಇನ್ನೊಂದು ಕೂಡುವಂತೆ, ಸಾಲು ತಪ್ಪದೆ ಜೋಡಿಸಿದ್ದ ಹೆಂಚಿನ ತುಂಡುಗಳನ್ನು ನೋಡಿದಳು. ಆ ಮನೆಯಲ್ಲಿ ಯಾವುದನ್ನೇ ಆಗಲಿ ಹಾಗೆ ಸಾಲಾಗಿ ಜೋಡಿಸುತ್ತಿದ್ದವಳು ನಾನೊಬ್ಬಳೇ. ಅವಳು ನನ್ನತ್ತ ತಿರುಗಿದಳು. ಆ ನೋಟ ಎಷ್ಟು ಹೊತ್ತು ಇತ್ತೆಂದು ಹೇಳಲಾರೆ.

"ಯಾರು ಮಾಡಿದ್ದು ಇದು?" ಎಂದ ಚಿಕ್ಕಪ್ಪ.

"ನಾನೇ" ಎಂದಳು ಅತ್ತೆ.

"ನೀನಾ? ನೀರು ತೋರಿಸ್ಬ್ಯಾಡಿ ಅಂತ ಊರಿಗೆಲ್ಲಾ ಯೋಳೋಳು ನೀನೇ ಅಲ್ವಾ?"

"ಒಣಗೋಯ್ತದೇನೋ ಅಂತ ಎದರ್ಕೆ ಆಯ್ತು. ಬುಟ್ಟೆ."

ಬೇಲಿಯಾಚೆಯಿಂದ ಯಾರೋ ಕಿಸಕ್ಕೆಂದರು. ಚಿಕ್ಕಪ್ಪನೂ ನಕ್ಕುಬಿಟ್ಟ, ಅದು ನಿರಾಳವಾದ ನಗು. ಮರ ಕಡಿಸಿದ ಭಾರ ಅವನ ಮೇಲಿಂದ ಇಳಿದಿತ್ತು. "ನೀನೇ ನಿನ್ ಮರ ತೆಗ್ದೆ ಓಗಕ್ಕಾ! ನನ್ನ್ಯಾಕೆ ಬೈಯ್ಕೊತೀಯ!" ಎಂದ. ನಾನು ಬಾಯಿ ತೆರೆಯಲಿಲ್ಲ. ಹತ್ತು ವರ್ಷದ ಹುಡುಗಿಗೆ ಭಯವಾಗಿತ್ತು ಎಂದು ಯಾರಾದರೂ ನನ್ನ ಪರವಾಗಿ ವಾದಿಸಬಹುದು. ಆದರೆ ನಾನು ಮರುದಿನವೂ ತೆರೆಯಲಿಲ್ಲ, ಮರುವರ್ಷವೂ ತೆರೆಯಲಿಲ್ಲ.

ಜಾಗ ಹೋಯಿತು. ಅದಕ್ಕಿಂತ ಹೆಚ್ಚಿನದೇನೋ ಹೋಯಿತೆಂದು ನನಗೆ ತಿಳಿದದ್ದು ನಿಧಾನವಾಗಿ. ಹಿಂಬಾಗಿಲಿಗೆ ಬಂದು ಕೂಗುತ್ತಿದ್ದ ಹೆಂಗಸರು ಬರುವುದನ್ನು ಬಿಟ್ಟರು. ಒಮ್ಮೆ ಎದುರುಮನೆಯವಳು ಮಲ್ಲಿಗೆ ಹಂಬಿನ ಬಗ್ಗೆ ಏನೋ ಕೇಳಲು ಬಂದಾಗ, "ಅವ್ಳನ್ನ ಕೇಳ್ತೀಯಾ? ತನ್ ಮರಕ್ಕೇ ನೀರುಣ್ಸಿ ಕೆಡ್ಸ್ಕೊಂಡೋಳು" ಎಂದು ಜೊತೆಯವಳು ನಗೆಯಾಡಿದಳು. ಅತ್ತೆ ಒಳಗೆ ರಾಗಿ ಕೇರುತ್ತಿದ್ದಳು. ಮೊರದ ಸದ್ದು ನಿಲ್ಲಲಿಲ್ಲ. ಚಿಕ್ಕಪ್ಪ ಆ ಕಾಂಡದಿಂದ ಒಂದು ಒನಕೆ ಮಾಡಿಸಿ ತಂದ, ಅಕ್ಕನಿಗೆ ಇಷ್ಟವಾದೀತೆಂದು. ಅವಳು ಅದರಲ್ಲೇ ಮೆಣಸಿನಕಾಯಿ ಕುಟ್ಟಿದಳು. ಕೊನೆಯ ಕೋಣೆಗೆ ಬಾಡಿಗೆಗೆ ಬಂದ ಒರಿಸ್ಸಾದ ದಂಪತಿಗಳು ಬಾಗಿಲ ಮುಂದೆ ತುಳಸಿ ಇಟ್ಟುಕೊಂಡಾಗ ಅದಕ್ಕೂ ಅವಳು ಕೈ ಚಾಚಲಿಲ್ಲ. ಇಪ್ಪತ್ತೆರಡು ವರ್ಷ ನಮ್ಮೊಂದಿಗಿದ್ದಳು. ಒಂದು ಬೀಜ ಊರಲಿಲ್ಲ.

ನನಗೂ ಅವಳಿಗೂ ನಡುವೆ ಆ ಮಾತು ಒಮ್ಮೆಯೂ ಬರಲಿಲ್ಲ. ಅವಳು ನನ್ನ ತಲೆ ಬಾಚಿದಳು, ಜ್ವರ ಬಂದಾಗ ಕಾಲು ಒತ್ತಿದಳು, ಟಿ.ಸಿ.ಎಚ್. ಮುಗಿಸಿ ಮೊದಲ ದಿನ ಪಾಠ ಹೇಳಲು ಹೊರಟಾಗ ಬಾಗಿಲವರೆಗೆ ಬಂದು, "ಮಕ್ಳಿಗೆ ಒಡೀಬ್ಯಾಡ ಕಣೆ" ಎಂದಳು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮಾತಿಗೆ ದಾರಿಯನ್ನೇ ಅವಳು ಬಿಟ್ಟಿರಲಿಲ್ಲ. ಅಥವಾ ಬಿಟ್ಟಿದ್ದರೂ ನನಗೆ ಕಾಣಲಿಲ್ಲ. ಅವಳ ಎದುರು ಕುಳಿತಾಗಲೆಲ್ಲ ಎದ್ದು ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದೆ, ಜೋಡಿಸಿದ್ದನ್ನೇ ಮತ್ತೆ ಜೋಡಿಸುತ್ತಿದ್ದೆ. ಮನೆಯವರು ಅದನ್ನು ನನ್ನ ಶಿಸ್ತು ಎಂದರು.

ಅವಳು ತೀರಿಕೊಂಡ ಹನ್ನೊಂದನೆಯ ದಿನ ಊಟದ ಪಂಕ್ತಿಯಲ್ಲಿ, ನಮ್ಮ ಕಡೆಯ ರೂಢಿಯಂತೆ, ಹೋದವರ ತಮಾಷೆಯ ಪ್ರಸಂಗಗಳನ್ನು ಒಬ್ಬೊಬ್ಬರಾಗಿ ನೆನೆದರು. ಚಿಕ್ಕಪ್ಪ, ಕಣ್ಣೊರೆಸಿಕೊಳ್ಳುತ್ತಲೇ, ಮರಕ್ಕೆ ಕದ್ದು ನೀರು ಬಿಟ್ಟ ಅಕ್ಕನ ಕಥೆ ಹೇಳಿದ. ಅವಳು ಹೆಂಚು ಮುಚ್ಚಿದ್ದನ್ನು ಕೈಯಾಡಿಸಿ ತೋರಿಸಿದ. ಎಲ್ಲರೂ ಪ್ರೀತಿಯಿಂದ ನಕ್ಕರು. ನಾನಾಗ ಹನ್ನೆರಡು ವರ್ಷಗಳ ಅನುಭವದ ಉಪಾಧ್ಯಾಯಿನಿ. ನಲವತ್ತು ಮಕ್ಕಳ ತಪ್ಪನ್ನು ಒಂದೇ ನೋಟದಲ್ಲಿ ಹಿಡಿಯುತ್ತಿದ್ದವಳು. ಕೈಯಲ್ಲಿ ಸಾರಿನ ಬಕೆಟ್ಟಿತ್ತು. "ಚಿಕ್ಕಪ್ಪಾ" ಎಂದೆ. ಎಲ್ಲರೂ ನನ್ನತ್ತ ತಿರುಗಿದರು. "ಇನ್ನೊಂದು ಸೌಟು ಸಾರು ಹಾಕ್ಲಾ?" ಎಂದು ಕೇಳಿದೆ.

ಈಗ ಅಪ್ಪ ಇಲ್ಲ, ಅಮ್ಮ ಇಲ್ಲ. ಚಿಕ್ಕಪ್ಪ ಹೋಗಿ ಎರಡು ವರ್ಷವಾಯಿತು. ಬೇಲಿಯಾಚೆ ನಿಂತು ನಕ್ಕ ಹೆಂಗಸರಲ್ಲಿ ಯಾರು ಎಲ್ಲಿದ್ದಾರೋ ತಿಳಿಯದು. ಮನೆ, ಹಿತ್ತಿಲು, ವಠಾರ ಎಲ್ಲ ಸೇರಿ ಅಪಾರ್ಟ್‌ಮೆಂಟಾಗಿ ಬಹಳ ಕಾಲವಾಯಿತು. ಆ ಕಥೆಯನ್ನು ತಪ್ಪಾಗಿ ಕೇಳಿದವರಲ್ಲಿ ಅದನ್ನು ಸರಿಪಡಿಸಿಕೊಳ್ಳಲು ಯಾರೂ ಉಳಿದಿಲ್ಲ; ನಿಜ ಬಲ್ಲವಳು ನಾನೊಬ್ಬಳೇ. ಆದುದರಿಂದ ಅವಳನ್ನು ಎಂದೂ ಕಾಣದ ನಿಮ್ಮ ಮುಂದೆ ಹೇಳುತ್ತಿದ್ದೇನೆ. ಹೂಡಿಯ ಮುನಿಯಮ್ಮ ತನ್ನ ಮರಕ್ಕೆ ನೀರು ಬಿಡಲಿಲ್ಲ. ಬಿಟ್ಟವಳು ನಾನು. ಅವಳು ಬೇರಿಗೆ ಬಿಸಿಲು ತೋರಿಸಿದ್ದಳು, ಹದಿನೈದು ದಿನಕ್ಕೆ ಸರಿಯಾಗಿ ಮಣ್ಣು ಮುಚ್ಚಿದ್ದಳು, ಒಂದು ಚೊಂಬು ನೀರನ್ನೂ ಹಾಕದೆ ಕಾದಿದ್ದಳು. ಆ ವರ್ಷ ಅದು ಹೂ ಬಿಡುತ್ತಿತ್ತು.